ಹಳಿ ಕಿತ್ತರು, ದಾರಿ ಉಳಿಸಿಕೊಂಡರು!

ಒಂದು ರೈಲು ಮಾರ್ಗ ಸತ್ತುಹೋಯ್ತು ಅಂದ್ಕೊಳ್ಳಿ. ಕೊನೆಯ ರೈಲು ಹೊರಟುಹೋಯ್ತು, ಸ್ಟೇಷನ್ನಿಗೆ ಬೀಗ ಬಿತ್ತು, ಹಳಿ ಕಿತ್ತು ಗುಜರಿಗೆ ಹಾಕಿದರು. ಈಗ ಉಳಿದಿರೋದು ಏನು? ಒಂದಷ್ಟು ಜಲ್ಲಿ, ಕೆಲವು ಸೇತುವೆ, ಒಂದೆರಡು ಸುರಂಗ, ಊರಿಂದ ಊರಿಗೆ ಹಾವಿನ ಹಾಗೆ ಮಲಗಿರೋ ಒಂದು ಪಟ್ಟಿ ಜಮೀನು.

ಈ ಜಮೀನು ಯಾರಿಗೆ ಸೇರಬೇಕು?

ಪಕ್ಕದ ಹೊಲದವರಿಗಾ? ಸೈಟ್ ಮಾಡಿ ಮಾರೋರಿಗಾ? ಇಲಾಖೆ ಮುಳ್ಳುತಂತಿ ಹಾಕಿ ಮರೆತುಬಿಡಬೇಕಾ? ಅಥವಾ ನಾವೂ ನೀವೂ ಮಕ್ಕಳ ಕೈ ಹಿಡ್ಕೊಂಡು ಅದರ ಮೇಲೆ ನಡೆಯಬಹುದಾ? ಅಮೆರಿಕ ಈ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡಿದೆ. ಆ ಉತ್ತರದ ಮೇಲೆ ಸೈಕಲ್ ತುಳಿದು ಬಂದವನಾಗಿ ಇವತ್ತು ಅದರ ಲೆಕ್ಕಾಚಾರ ನಿಮ್ಮ ಮುಂದೆ ಇಡ್ತೀನಿ.

ಈ ದಾರಿಯ ಹೆಸರು ಗ್ರೇಟ್ ಅಲೆಘೆನಿ ಪ್ಯಾಸೇಜ್. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್‌ವರೆಗೆ 150 ಮೈಲಿ, ಅಂದ್ರೆ ಸುಮಾರು 240 ಕಿಲೋಮೀಟರ್. ಅಲ್ಲಿಂದ ಮುಂದೆ ಹಳೆಯ ಕಾಲುವೆಯೊಂದರ ದಂಡೆಯ ದಾರಿ ಸಿಗುತ್ತೆ. ಅದರಲ್ಲಿ ಇನ್ನೂ 297 ಕಿಲೋಮೀಟರ್ ಹೋದರೆ ವಾಷಿಂಗ್ಟನ್! ಅಂದ್ರೆ ಉಕ್ಕಿನ ನಗರದಿಂದ ದೇಶದ ರಾಜಧಾನಿವರೆಗೆ ಒಂದೇ ಒಂದು ಕಾರಿನ ಹಾರ್ನ್‌ಗೆ ಬೆಚ್ಚಿಬೀಳದೆ, ಬಹುಪಾಲು ವಾಹನವೇ ಇಲ್ಲದ ದಾರಿಯಲ್ಲಿ ಹೋಗಬಹುದು. ಟಿಕೆಟ್ ಇಲ್ಲ, ಟೋಲ್ ಇಲ್ಲ.

ಎರಡು ರೈಲು, ಒಂದೇ ಕಣಿವೆ

ಈ ದಾರಿಯ ಬೆಟ್ಟದ ಭಾಗ ಒಂದು ಕಾಲಕ್ಕೆ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ ಕಂಪನಿಯದ್ದು. 1912ರಲ್ಲಿ ಈ ಮಾರ್ಗ ಶುರುವಾಯ್ತು. ಕಾರಣ ಕಲ್ಲಿದ್ದಲು. ಕಾನೆಲ್ಸ್‌ವಿಲ್ ಸುತ್ತಮುತ್ತಲಿನ ಕಲ್ಲಿದ್ದಲನ್ನು ಒಲೆಗಳಲ್ಲಿ ಸುಟ್ಟು ಕೋಕ್ ಮಾಡ್ತಿದ್ದರು. ಆ ಕೋಕ್ ಇಲ್ಲದೆ ಪಿಟ್ಸ್‌ಬರ್ಗ್‌ನ ಕುಲುಮೆಗಳು ಉರೀತಿರಲಿಲ್ಲ.

ಆದರೆ ಅದೇ ಕಣಿವೆಯಲ್ಲಿ, ನದಿಯ ಆಚೆ ದಡದಲ್ಲಿ, ಮೊದಲೇ ಇನ್ನೊಂದು ಕಂಪನಿಯ ರೈಲು ಓಡ್ತಿತ್ತು. ಅದು ಬಾಲ್ಟಿಮೋರ್ ಅಂಡ್ ಓಹಾಯೋ. ದಶಕಗಳ ಕಾಲ ಪೈಪೋಟಿ ನಡೀತು. ಕೊನೆಗೆ ಎರಡೂ ಒಂದೇ ಯಜಮಾನನ ಕೈಗೆ ಬಂದವು. ಒಂದೇ ಮನೆಗೆ ಎರಡು ಬಾವಿ ಯಾಕೆ ಅಂತ ಯಜಮಾನ ಲೆಕ್ಕ ಹಾಕಿದ. 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ಮಾರ್ಗದ ಈ ಭಾಗ ಬಂದ್ ಆಯ್ತು. ಆಚೆ ದಡದ ಮಾರ್ಗದಲ್ಲಿ ಇವತ್ತಿಗೂ ಗೂಡ್ಸ್ ರೈಲು ಓಡ್ತಾವೆ.

ಇದು ಒಂದು ಮಾರ್ಗದ ಕಥೆ ಅಲ್ಲ. 1916ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 4 ಲಕ್ಷ ಕಿಲೋಮೀಟರ್ ರೈಲು ಮಾರ್ಗ ಇತ್ತು. ಅದು ಅಲ್ಲಿನ ರೈಲ್ವೆಯ ಶಿಖರ. ಆಮೇಲೆ ಕಾರು ಬಂತು, ಲಾರಿ ಬಂತು, ಹೆದ್ದಾರಿ ಬಂತು. ಮಾರ್ಗಗಳು ಒಂದೊಂದಾಗಿ ಮುಚ್ಚಿದವು. 1980ರಲ್ಲಿ ಸ್ಟ್ಯಾಗರ್ಸ್ ಕಾಯ್ದೆ ಬಂದ ಮೇಲಂತೂ ನಷ್ಟದ ಮಾರ್ಗ ಮುಚ್ಚೋದು ಕಂಪನಿಗಳಿಗೆ ಇನ್ನೂ ಸುಲಭ ಆಯ್ತು.

ಮೊಣಕಾಲಿಗೆ ಸಿಕ್ಕ ಇಂಜಿನಿಯರಿಂಗ್

ನಾನು ಹೋಗಿದ್ದು ಮೇಯರ್ಸ್‌ಡೇಲ್ ಅನ್ನೋ ಪುಟ್ಟ ಊರಿನಿಂದ ಕಂಬರ್‌ಲ್ಯಾಂಡ್‌ವರೆಗೆ, ಸುಮಾರು 51 ಕಿಲೋಮೀಟರ್. ಜೊತೆಗೆ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಮಾಡೋ ನನ್ನ ಕಾಲೇಜು ಗೆಳೆಯ. ಮೇಯರ್ಸ್‌ಡೇಲ್‌ನ ಹಳೆಯ ಸ್ಟೇಷನ್ ಕಟ್ಟಡ ಈಗ ಊರಿನ ಮ್ಯೂಸಿಯಂ. ಅಲ್ಲಿಂದ 13 ಕಿಲೋಮೀಟರ್ ಹೋದರೆ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್. ಅದು ನೀರು ಇಬ್ಭಾಗ ಆಗೋ ಜಾಗ. ಈ ಕಡೆ ಬಿದ್ದ ಮಳೆ ಮಿಸಿಸಿಪ್ಪಿ ಮೂಲಕ ಮೆಕ್ಸಿಕೋ ಕೊಲ್ಲಿಗೆ, ಆ ಕಡೆ ಬಿದ್ದಿದ್ದು ಅಟ್ಲಾಂಟಿಕ್ ಕಡೆಗೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೋ ಬಂಗಾಳ ಕೊಲ್ಲಿಗೋ ಅಂತ ಕವಲು ಒಡೆಯುತ್ತಲ್ಲ, ಹಾಗೆ. ಎತ್ತರ 2,392 ಅಡಿ. ಇಡೀ ದಾರಿಯಲ್ಲಿ ಇದೇ ಅತಿ ಎತ್ತರದ ಜಾಗ.

ಬೋರ್ಡ್ ನೋಡಿದ ಗೆಳೆಯ ಕೇಳಿದ: "ಲೋ, ಇಷ್ಟೇನಾ? ಬೆಟ್ಟ ಹತ್ತಿದ್ದೇ ಗೊತ್ತಾಗ್ಲಿಲ್ವಲ್ಲೋ!"

ಗೊತ್ತಾಗದೇ ಇರೋದೇ ಇಲ್ಲಿನ ಮ್ಯಾಜಿಕ್. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ರೈಲಿನ ಚಕ್ರ ಉಕ್ಕು, ಹಳಿಯೂ ಉಕ್ಕು. ಉಕ್ಕಿನ ಮೇಲೆ ಉಕ್ಕು ಉರುಳುವಾಗ ತಡೆ ಬಹಳ ಕಮ್ಮಿ. ಅದಕ್ಕೇ ಒಂದೇ ಇಂಜಿನ್ನು ಸಾವಿರಾರು ಟನ್ ಎಳೆಯುತ್ತೆ. ಆದರೆ ಆ ನುಣುಪಿಗೆ ಇನ್ನೊಂದು ಮುಖ ಇದೆ. ಏರು ಬಂದ್ರೆ ಹಿಡಿತ ಸಿಗಲ್ಲ, ಚಕ್ರ ನಿಂತಲ್ಲೇ ಜಾರುತ್ತೆ. ಹಾಗಾಗಿ ರೈಲು ಮಾರ್ಗ ಹಾಕೋ ಇಂಜಿನಿಯರ್‌ಗೆ ಏರು ಅಂದ್ರೆ ಶತ್ರು. ರಸ್ತೆಯವನು ಬೆಟ್ಟದ ಮೇಲೆ ಹತ್ತಿ ಇಳಿದರೆ, ರೈಲಿನವನು ಬೆಟ್ಟ ಕಡಿದು ತಗ್ಗಿಗೆ ಮಣ್ಣು ತುಂಬ್ತಾನೆ. ಕಡಿಯೋಕೆ ಆಗದಿದ್ರೆ ಸುರಂಗ, ತುಂಬೋಕೆ ಆಗದಿದ್ರೆ ಸೇತುವೆ.

ಲೆಕ್ಕ ನೋಡಿ. ಕಂಬರ್‌ಲ್ಯಾಂಡ್ ಕಡೆಯಿಂದ ಆ ನೆತ್ತಿಗೆ 38 ಕಿಲೋಮೀಟರ್ ದೂರ, ಏರೋದು ಸುಮಾರು 540 ಮೀಟರ್. ಸರಾಸರಿ ಹೇಳೋದಾದ್ರೆ ಸುಮಾರು 70 ಅಡಿ ಮುಂದೆ ಹೋದ್ರೆ 1 ಅಡಿ ಮೇಲೆ. ಪಿಟ್ಸ್‌ಬರ್ಗ್ ಕಡೆಯಿಂದ ಇನ್ನೂ ಸಲೀಸು, ಸುಮಾರು 400 ಅಡಿಗೆ 1 ಅಡಿ. ನಮ್ಮದರ ಜೊತೆ ಹೋಲಿಸಿದ್ರೆ, ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಹತ್ತೋದು 50ಕ್ಕೆ 1ರ ಏರು. ಕ್ಯಾಸಲ್ ರಾಕ್-ಕುಲೆಂ ನಡುವಿನ ದೂಧ್‌ಸಾಗರ್ ಘಾಟಿಯಲ್ಲಿ 37ಕ್ಕೆ 1. ರೈಲಿನ ಲೆಕ್ಕದಲ್ಲಿ ಅದು ಭಯಂಕರ ಏರು, ಆದರೆ ಆಗುಂಬೆ ಘಾಟಿಯ ತಿರುವಿನ ಮುಂದೆ ಅದೂ ಏನೇನೂ ಅಲ್ಲ.

ಅಂದ್ರೆ ನೂರು ವರ್ಷದ ಹಿಂದೆ ಕಲ್ಲಿದ್ದಲು ವ್ಯಾಗನ್ನಿಗಾಗಿ ಮಾಡಿದ ಲೆಕ್ಕ ಇವತ್ತು ಎಪ್ಪತ್ತು ವರ್ಷದ ಅಜ್ಜಿಯ ಮೊಣಕಾಲನ್ನ ಕಾಪಾಡ್ತಿದೆ. ಸೈಕಲ್ ಕಲಿಯೋ ಮಗುವಿಗೆ, ಗಾಲಿಕುರ್ಚಿಯಲ್ಲಿ ಬರೋರಿಗೂ ಬೆಟ್ಟದ ತುದಿ ನೋಡೋ ಅವಕಾಶ ಕೊಟ್ಟಿದೆ. ಯಾವ ಸರ್ಕಾರವೂ ಬರೀ ವಾಕಿಂಗ್ ಮಾಡೋರಿಗಾಗಿ ಬೆಟ್ಟ ಕಡಿದು, ಸುರಂಗ ಕೊರೆದು ಇಂಥ ದಾರಿ ಮಾಡಿಕೊಡಲ್ಲ. ಅದರ ಖರ್ಚನ್ನ ರೈಲು ಕಂಪನಿ ಯಾವತ್ತೋ ಕೊಟ್ಟು ಹೋಗಿದೆ.

ಸೇತುವೆಗಳದ್ದೂ ಇದೇ ಮಾತು. ಮೇಯರ್ಸ್‌ಡೇಲ್ ಹತ್ತಿರದ ಸ್ಯಾಲಿಸ್‌ಬರಿ ಸೇತುವೆ 580 ಮೀಟರ್ ಉದ್ದ, 30 ಮೀಟರ್ ಎತ್ತರ. ಕೆಳಗೆ ನದಿ, ಹೆದ್ದಾರಿ, ಆಚೆ ದಡದ ಆ ಹಳೆಯ ಎದುರಾಳಿಯ ಹಳಿ, ದೂರದ ಗುಡ್ಡಗಳಲ್ಲಿ ಗಾಳಿಯಂತ್ರ. ಇಂಜಿನ್ ಮತ್ತು ಕಲ್ಲಿದ್ದಲು ತುಂಬಿದ ವ್ಯಾಗನ್‌ಗಳ ಭಾರ ಹೊತ್ತ ಕಂಬಗಳಿಗೆ ನಾಲ್ಕು ಸೈಕಲ್ ಯಾವ ಲೆಕ್ಕ? ಸ್ಲೀಪರ್ ತೆಗೆದು ಕಾಂಕ್ರೀಟ್ ಹಾಸಿ, ಪಕ್ಕಕ್ಕೆ ಕಟಕಟೆ ಹಾಕಿದ್ದಾರೆ. ಉಳಿದ ಕಡೆ ಬಹುತೇಕ ಸುಣ್ಣಕಲ್ಲಿನ ಸಣ್ಣ ಪುಡಿ ಹಾಸಿ ದಮ್ಮಸ್ ಮಾಡಿದ್ದಾರೆ. ನೀರು ನಿಲ್ಲಲ್ಲ, ಟೈರ್ ಹೂತುಹೋಗಲ್ಲ.

ಸುಲಭ ಅಲ್ಲದ್ದು ಅಂದ್ರೆ ಬಿಗ್ ಸ್ಯಾವೇಜ್ ಸುರಂಗ. ಉದ್ದ ಬರೋಬ್ಬರಿ ಒಂದು ಕಿಲೋಮೀಟರ್. ರೈಲು ನಿಂತ ಮೇಲೆ ಬೆಟ್ಟದ ನೀರು ಒಳಗೆ ಸೋರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಗೋಡೆಯನ್ನೇ ಒಡೆದುಹಾಕಿತ್ತು. ಅದನ್ನ ಸರಿ ಮಾಡೋಕೆ ಒಂದು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯ್ತು. ಇವತ್ತಿಗೂ ಚಳಿಗಾಲದಲ್ಲಿ ಎರಡೂ ಬಾಯಿಗೆ ದೊಡ್ಡ ಬಾಗಿಲು ಹಾಕಿ ಮುಚ್ತಾರೆ. ಒಳಗಿನ ತೇವ ಹೆಪ್ಪುಗಟ್ಟಬಾರದು ಅಂತ. ಬೇಸಿಗೆಯಲ್ಲೂ ಒಳಗೆ ಹೋದ್ರೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತೆ. ಆಚೆ ಬಾಯಿಂದ ಹೊರಗೆ ಬಂದ್ರೆ ಮೇರಿಲ್ಯಾಂಡ್‌ನ ಬೆಟ್ಟಸಾಲು ಒಂದರ ಹಿಂದೆ ಒಂದು. ಅಲ್ಲಿಂದ ಕಂಬರ್‌ಲ್ಯಾಂಡ್‌ವರೆಗೆ ಪೆಡಲ್ ತುಳಿಯೋ ಕೆಲಸವೇ ಕಮ್ಮಿ.

ಇನ್ನೊಂದು ವಿಷಯ ಇದೆ. ಕೊನೆಯ 25 ಕಿಲೋಮೀಟರ್‌ನಲ್ಲಿ, ಫ್ರಾಸ್ಟ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ, ಹಳಿಯನ್ನ ಕಿತ್ತಿಲ್ಲ. ಅಲ್ಲಿ ಪ್ರವಾಸಿಗರ ರೈಲು ಓಡುತ್ತೆ, ಪಕ್ಕದಲ್ಲೇ ಸೈಕಲ್ ದಾರಿ. ಬ್ರಶ್ ಸುರಂಗದ ಒಳಗಂತೂ ಹಳಿಯೂ ದಾರಿಯೂ ಅಕ್ಕಪಕ್ಕ! ಎರಡಕ್ಕೂ ಒಂದೇ ಜಾಗ ಸಾಕು, ಒಬ್ಬರನ್ನ ಓಡಿಸಿ ಇನ್ನೊಬ್ಬರು ಬರಬೇಕಾಗಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಜಮೀನಿನ ಜಗಳ

ಇದೆಲ್ಲ ಚೆನ್ನಾಗಿದೆ. ಆದರೆ ಹಳಿ ಕಿತ್ತ ಮರುದಿನವೇ ದಾರಿ ಆಗಿಬಿಡ್ತಾ? ಇಲ್ಲ. ರೈಲು ನಿಂತಿದ್ದು 1975ರಲ್ಲಿ. ದಾರಿಯ ಮೊದಲ ತುಂಡು ಓಹಾಯೋಪೈಲ್ ಹತ್ತಿರ ತೆರೆದಿದ್ದು 1986ರಲ್ಲಿ. ಪಿಟ್ಸ್‌ಬರ್ಗ್‌ವರೆಗೆ ಪೂರ್ತಿ ಆಗಿದ್ದು 2013ರಲ್ಲಿ. ಅಂದ್ರೆ 38 ವರ್ಷ! ಒಂದು ತಲೆಮಾರೇ ಕಳೆದುಹೋಯ್ತು.

ಯಾಕೆ ಇಷ್ಟು ತಡ? ಜಮೀನು ಸ್ವಾಮಿ, ಜಮೀನು.

ನಮ್ಮ ಹಳ್ಳಿ ನಕ್ಷೆಯಲ್ಲಿ ಬಂಡಿದಾರಿ ಅಂತ ಇರುತ್ತಲ್ಲ, ಅದನ್ನ ನೆನಪಿಸಿಕೊಳ್ಳಿ. ನಿಮ್ಮ ಹೊಲದ ಅಂಚಿನಲ್ಲಿ ಪಕ್ಕದವರಿಗೆ ಗಾಡಿ ಹೊಡ್ಕೊಂಡು ಹೋಗೋ ಹಕ್ಕು ಇರುತ್ತೆ, ಆದರೆ ನೆಲ ನಿಮ್ಮದೇ. ಅಮೆರಿಕದಲ್ಲಿ ಎಷ್ಟೋ ರೈಲು ಕಂಪನಿಗಳ ಹತ್ತಿರ ಇದ್ದಿದ್ದೂ ಇಂಥದ್ದೇ ಹಾದುಹೋಗುವ ಹಕ್ಕು. ಹಾಗಾದ್ರೆ ರೈಲೇ ನಿಂತುಹೋದ್ರೆ? ಹಕ್ಕು ಮುಗೀತು, ನೆಲ ನಮ್ಮದು ಅಂತ ರೈತ ಹೇಳ್ತಾನೆ. ಅವನ ಮಾತಿನಲ್ಲಿ ನ್ಯಾಯ ಇದೆ. ಆದರೆ ಒಂದು ಮಾರ್ಗ ನೂರಾರು ಜನರ ನೆಲದಲ್ಲಿ ಹಾದುಹೋಗುತ್ತೆ. ನಡುವೆ ಒಬ್ಬರು ಬೇಲಿ ಹಾಕಿದ್ರೂ ಆ ದಾರಿ ಅಲ್ಲಿಗೆ ಖಲಾಸ್.

ಇದಕ್ಕೆ ಅಲ್ಲಿನ ಸಂಸತ್ತು 1983ರಲ್ಲಿ ಒಂದು ಉಪಾಯ ಮಾಡ್ತು. ಅದಕ್ಕೆ ರೈಲ್ ಬ್ಯಾಂಕಿಂಗ್ ಅಂತಾರೆ. ಕಂಪನಿಯೊಂದು ಮಾರ್ಗ ಮುಚ್ಚೋಕೆ ಹೊರಟಾಗ, ಸ್ಥಳೀಯ ಸರ್ಕಾರವೋ ಒಂದು ಸಂಸ್ಥೆಯೋ ಮುಂದೆ ಬಂದು, ಈ ಜಾಗದ ತೆರಿಗೆ, ಅಪಘಾತದ ಹೊಣೆ, ನಿರ್ವಹಣೆ ಎಲ್ಲ ನಮ್ಮದು ಅಂತ ಒಪ್ಪಂದ ಮಾಡ್ಕೊಂಡ್ರೆ ಆ ಮಾರ್ಗ ಸತ್ತಿದೆ ಅಂತ ಕಾನೂನು ಪರಿಗಣಿಸೋದಿಲ್ಲ. ಮಲಗಿದೆ ಅಷ್ಟೇ. ಅಲ್ಲಿವರೆಗೆ ಜನ ನಡೀಲಿ, ಸೈಕಲ್ ಹೊಡೀಲಿ. ನಾಳೆ ರೈಲು ಬೇಕು ಅನ್ನಿಸಿದ್ರೆ ಕಂಪನಿ ವಾಪಸ್ ಬರಬಹುದು. ಬ್ಯಾಂಕಿನಲ್ಲಿಟ್ಟ ಡೆಪಾಸಿಟ್ ಇದ್ದ ಹಾಗೆ. ಕೆಲವು ಕಡೆ ಹಾಗೆ ರೈಲು ಮರಳಿ ಬಂದಿದ್ದೂ ಇದೆ.

ರೈತರು ಸುಮ್ಮನೆ ಕೂತರಾ? ಇಲ್ಲ. ವರ್ಮಾಂಟ್ ರಾಜ್ಯದ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 1990ರಲ್ಲಿ ಕೋರ್ಟ್ ಕಾನೂನನ್ನ ಎತ್ತಿಹಿಡೀತು. ಜೊತೆಗೆ, ನೆಲದ ಮಾಲೀಕರು ಸರ್ಕಾರದಿಂದ ಪರಿಹಾರ ಕೇಳಬಹುದು ಅಂತಲೂ ಹೇಳ್ತು. 2014ರಲ್ಲಿ ವ್ಯೋಮಿಂಗ್ ರಾಜ್ಯದ ಇನ್ನೊಂದು ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳು ಭೂಮಾಲೀಕನ ಪರ, ಒಬ್ಬರು ಮಾತ್ರ ವಿರುದ್ಧ. ಅಲ್ಲಿ ರೈಲ್ ಬ್ಯಾಂಕಿಂಗ್ ಒಪ್ಪಂದ ಆಗಿರಲಿಲ್ಲ, ಮಾರ್ಗ ನಿಜಕ್ಕೂ ಸತ್ತಿತ್ತು. ಸರ್ಕಾರದ ಕೈಯಿಂದ ನೆಲ ಜಾರಿತು. ಪಾಠ ಏನು? ಮಾರ್ಗ ಸಾಯೋ ಮೊದಲೇ ಕಾಗದ ಪತ್ರ ಆಗಬೇಕು. ಆಮೇಲೆ ಎದೆ ಬಡ್ಕೊಂಡ್ರೆ ಪ್ರಯೋಜನ ಇಲ್ಲ.

ಅಲೆಘೆನಿ ದಾರಿಯವರಿಗೆ ಶುರುವಿನಲ್ಲಿ ಈ ಕಾನೂನಿನ ಆಸರೆಯೂ ಇರಲಿಲ್ಲ. 1983ಕ್ಕೆ ಮೊದಲೇ ವೆಸ್ಟರ್ನ್ ಪೆನ್ಸಿಲ್ವೇನಿಯಾ ಕನ್ಸರ್ವೆನ್ಸಿ ಅನ್ನೋ ಸಂಸ್ಥೆ ಕಾನೆಲ್ಸ್‌ವಿಲ್ ಕಡೆಯ ಒಂದು ಭಾಗವನ್ನ ದುಡ್ಡು ಕೊಟ್ಟು ಕೊಂಡುಕೊಳ್ತು. ಆಮೇಲೆ ಊರೂರಿನ ಸಂಘಗಳು ತುಂಡು ತುಂಡಾಗಿ ಜೋಡಿಸ್ತಾ ಬಂದವು. 1995ರಲ್ಲಿ ಈ ಸಂಘಗಳೆಲ್ಲ ಒಂದು ಒಕ್ಕೂಟ ಮಾಡಿಕೊಂಡವು. ಎಲ್ಲಕ್ಕಿಂತ ಕೊನೆಗೆ ಸಿಕ್ಕಿದ್ದು ಪಿಟ್ಸ್‌ಬರ್ಗ್‌ಗೆ ಹತ್ತಿರದ ತುಣುಕು. ಕಾಡು ಬೇಗ ಬಿಟ್ಟುಕೊಡ್ತು, ನಗರ ಬಿಡಲಿಲ್ಲ. ಬೆಲೆ ಇರೋ ನೆಲದ ಸ್ವಭಾವವೇ ಅದು.

ಈ ಊರುಗಳಿಗೆ ಇದರಿಂದ ಏನು ಸಿಕ್ತು? ಪಿಟ್ಸ್‌ಬರ್ಗ್‌ಗೆ ಹತ್ತಿರ ಹೋಮ್‌ಸ್ಟೆಡ್ ಅಂತ ಊರಿದೆ. 1892ರಲ್ಲಿ ಉಕ್ಕಿನ ಕಾರ್ಮಿಕರಿಗೂ ಕಂಪನಿ ಕರೆಸಿದ ಬಾಡಿಗೆ ಪಡೆಗೂ ಗುಂಡಿನ ಕಾಳಗ ನಡೆದ ಜಾಗ. ದಾರಿ ಅದರ ಪಕ್ಕದಲ್ಲೇ ಹೋಗುತ್ತೆ. ಆ ಕಾರ್ಖಾನೆ ಇವತ್ತಿಲ್ಲ. ಸೈಕಲ್ ದಾರಿ ಬಂತು ಅಂತ ಉಕ್ಕಿನ ಕೆಲಸ ವಾಪಸ್ ಬರಲಿಲ್ಲ, ಬರೋದೂ ಇಲ್ಲ. ಆದರೆ ಗಣಿ ಮುಚ್ಚಿ, ರೈಲು ನಿಂತು, ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಮೇಯರ್ಸ್‌ಡೇಲ್, ಕಾನ್‌ಫ್ಲುಯೆನ್ಸ್, ಓಹಾಯೋಪೈಲ್‌ನಂಥ ಊರುಗಳಿಗೆ ಹೊರಗಿನವರು ಮತ್ತೆ ಬರೋಕೆ ಒಂದು ನೆಪ ಸಿಕ್ತು. ಸೈಕಲ್ ರಿಪೇರಿ ಅಂಗಡಿ, ಮನೆಯಲ್ಲೇ ಎರಡು ರೂಮು ಬಾಡಿಗೆ ಕೊಡೋರು, ಒಂದು ಕಾಫಿ ಅಂಗಡಿ. ಸಣ್ಣ ಊರಿಗೆ ಅದು ಸಣ್ಣ ವಿಷಯ ಅಲ್ಲ.

ದಾರಿ ಉಳಿಸಿಕೊಳ್ಳದಿದ್ರೆ ಏನಾಗುತ್ತೆ ಅಂತ ಕೇಳ್ತೀರಾ? ಸ್ಕಾಟ್ಲೆಂಡ್ ನೋಡಿ. ಎಡಿನ್‌ಬರಾದಿಂದ ದಕ್ಷಿಣಕ್ಕೆ ಹೋಗ್ತಿದ್ದ ವೇವರ್ಲಿ ಮಾರ್ಗವನ್ನ 1969ರಲ್ಲಿ ಮುಚ್ಚಿದರು. ಜಾಗದ ಮೇಲೆ ಕಟ್ಟಡ ಎದ್ದವು. ಎಡಿನ್‌ಬರಾ ಬೈಪಾಸ್ ರಸ್ತೆ ಆ ಮಾರ್ಗವನ್ನ ಅಡ್ಡಡ್ಡ ಕತ್ತರಿಸಿತು. ಆಮೇಲೆ ಜನಕ್ಕೆ ರೈಲು ಬೇಕಾಯ್ತು. 2015ರಲ್ಲಿ ಅದರ 48 ಕಿಲೋಮೀಟರ್ ಮಾತ್ರ ಮತ್ತೆ ತೆರೆಯೋಕೆ 29 ಕೋಟಿ ಪೌಂಡ್‌ಗೂ ಹೆಚ್ಚು ಸುರಿಯಬೇಕಾಯ್ತು. ಉಳಿದ ಭಾಗಕ್ಕೆ ಇನ್ನೂ ರೈಲು ಬಂದಿಲ್ಲ.

ನಮ್ಮ ಘಾಟಿಯ ಮಾತು

ಈಗ ಮನೆಗೆ ಬರೋಣ. ನಮ್ಮ ರೈಲ್ವೆ ಸರ್ಕಾರದ್ದು, ಜಮೀನು ಬಹುತೇಕ ಅದರ ಸ್ವಂತದ್ದು. ಅದರ ಲಾಭ ನಾವು ಕಣ್ಣಾರೆ ಕಂಡಿದ್ದೀವಿ. ಶಿವಮೊಗ್ಗ-ತಾಳಗುಪ್ಪ ಮೀಟರ್ ಗೇಜ್ ಮಾರ್ಗ ನಿಂತುಹೋಗಿತ್ತು, 2011ರಲ್ಲಿ ಬ್ರಾಡ್ ಗೇಜ್ ಆಗಿ ಎದ್ದುಬಂತು. ಕೋಲಾರ-ಚಿಕ್ಕಬಳ್ಳಾಪುರದ ಪುಟ್ಟ ನ್ಯಾರೋ ಗೇಜ್ ಮಾರ್ಗ 2013ರಲ್ಲಿ ದೊಡ್ಡ ರೈಲಿನ ಮಾರ್ಗ ಆಯ್ತು. ನೆಲ ಕೈಯಲ್ಲಿತ್ತು, ಅದಕ್ಕೇ ಆಯ್ತು. ಹಾಗಾಗಿ ಮುಚ್ಚಿದ ಮಾರ್ಗವನ್ನೆಲ್ಲ ಸೈಕಲ್‌ನವರಿಗೆ ಬರೆದುಕೊಡಿ ಅಂತ ನಾನು ಹೇಳ್ತಿಲ್ಲ.

ಆದರೆ ಸಕಲೇಶಪುರ ನೆನಪಿಸಿಕೊಳ್ಳಿ. ಗೇಜ್ ಬದಲಾವಣೆಗಾಗಿ 1996ರಲ್ಲಿ ರೈಲು ನಿಂತಿತು. ಹತ್ತಿರ ಹತ್ತಿರ ಹತ್ತು ವರ್ಷ ಆ ಘಾಟಿಯಲ್ಲಿ ರೈಲು ಇರಲಿಲ್ಲ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಸುತ್ತ ಹಸಿರು. ಬೆಂಗಳೂರಿನ ಹುಡುಗರು ಬ್ಯಾಗ್ ಏರಿಸಿಕೊಂಡು ಹೊರಟರು. ರೈಲ್ವೆ ಟ್ರೆಕ್ಕಿಂಗ್ ಅನ್ನೋ ಹೆಸರು ಹಬ್ಬಿತು. ಯಾರೂ ಕಟಕಟೆ ಹಾಕಲಿಲ್ಲ, ಯಾರೂ ಹೊಣೆ ಹೊತ್ತುಕೊಳ್ಳಲಿಲ್ಲ. 2006ರಲ್ಲಿ ಗೂಡ್ಸ್ ರೈಲು, 2007ರ ಕೊನೆಗೆ ಪ್ರಯಾಣಿಕರ ರೈಲು ಬಂತು. ರೈಲು ಬಂದರೂ ನಡೆಯೋ ಚಟ ಹೋಗಲಿಲ್ಲ.

ಇದು ತಮಾಷೆ ಅಲ್ಲ. ಇಳಿಜಾರಿನಲ್ಲಿ ಬರೋ ಗೂಡ್ಸ್ ರೈಲಿಗೆ ನೀವು ಕಂಡ ತಕ್ಷಣ ನಿಲ್ಲೋಕೆ ಆಗಲ್ಲ. ಅದರ ತೂಕ ಅದನ್ನ ನೂರಾರು ಮೀಟರ್ ಮುಂದಕ್ಕೆ ತಳ್ಳುತ್ತೆ. ತಿರುವಿನಲ್ಲಿ ಡ್ರೈವರ್‌ಗೆ ನೀವು ಕಾಣಲ್ಲ. ಮಳೆ, ಜಲಪಾತದ ಸದ್ದಿನಲ್ಲಿ ನಿಮಗೆ ರೈಲು ಕೇಳಿಸಲ್ಲ. ಸುರಂಗದಲ್ಲಿ ಗೋಡೆಗೂ ಬೋಗಿಗೂ ನಡುವೆ ಇರೋದು ಕೈಯಳತೆಯ ಜಾಗ. 2023ರ ಜುಲೈನಲ್ಲಿ ದೂಧ್‌ಸಾಗರ್ ಹಾದಿಯಲ್ಲಿ ಹಳಿ ಮೇಲೆ ನಡೆದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೋ ನೀವೂ ನೋಡಿರ್ತೀರಿ. ಕಾನೂನು ಬಸ್ಕಿಗಿಂತ ಬಿಗಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ. ಪೊಲೀಸರು ತಡೆದಿದ್ದು ಸರಿ. ಹುಡುಗರು ಹೋಗಿದ್ದು ತಪ್ಪು.

ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲ್ಲ. ಕಾರಿನ ಹೊಗೆ ಇಲ್ಲದೆ, ಕಾಡಿನ ನಡುವೆ, ಏದುಸಿರು ಬಿಡದೆ ನಾಲ್ಕು ಹೆಜ್ಜೆ ನಡೆಯಬೇಕು ಅನ್ನೋ ಆಸೆ ತಪ್ಪಾ? ಆ ಆಸೆಗೆ ನಾವು ಕೊಟ್ಟಿರೋ ಉತ್ತರ ಎರಡೇ. ಒಂದು, ವಿಸ್ಟಾಡೋಮ್ ಬೋಗಿಯ ಗಾಜಿನಿಂದ ನೋಡಿ. ಇನ್ನೊಂದು, ಬಸ್ಕಿ ಹೊಡೀರಿ.

ಮೂರನೇ ಉತ್ತರ ಅಲೆಘೆನಿಯಲ್ಲಿದೆ. ಬಳಕೆಯಲ್ಲಿಲ್ಲದ ಹಳೆಯ ರೈಲು ಜಾಗಗಳ ಪಟ್ಟಿ ಮಾಡಿ, ಜನರ ಮುಂದಿಡಿ. ತುಂಡು ತುಂಡು ಮಾಡಿ ಗುತ್ತಿಗೆಗೆ ಕೊಡೋ ಮೊದಲು, ಪಂಚಾಯಿತಿಯೋ ಪ್ರವಾಸೋದ್ಯಮ ಇಲಾಖೆಯೋ ಅದನ್ನ ಇಡಿಯಾಗಿ ನೋಡಿಕೊಳ್ಳೋಕೆ ತಯಾರಿದೆಯಾ ಅಂತ ಕೇಳಿ. ತಯಾರಿದ್ರೆ ಬರವಣಿಗೆಯಲ್ಲಿ ಒಪ್ಪಂದ ಆಗಲಿ. ಹೊಣೆ ಅವರದ್ದು, ನೆಲ ರೈಲ್ವೆಯದ್ದು, ರೈಲು ಬೇಕಾದ ದಿನ ಜಾಗ ವಾಪಸ್. ಗೇಜ್ ಬದಲಾವಣೆಗೆ ಅಂತ ವರ್ಷಗಟ್ಟಲೆ ಮುಚ್ಚಿರೋ ಮಾರ್ಗಕ್ಕೂ ಇದೇ ನಿಯಮ ಇರಲಿ. ಓಡ್ತಿರೋ ಮಾರ್ಗದ ಪಕ್ಕ ಜಾಗ ಇದ್ದಲ್ಲಿ ಬೇಲಿ ಹಾಕಿ ಪಕ್ಕದಾರಿ ಮಾಡಬಹುದಾ ಅಂತ ಇಂಜಿನಿಯರ್‌ಗಳು ಅಳತೆ ಹಿಡಿದು ಹೇಳಲಿ. ಆಗಲ್ಲ ಅಂದ್ರೆ ಆಗಲ್ಲ ಅಂತಲೇ ಹೇಳಲಿ.

ಹಳಿ ಗುಜರಿಗೆ ಹೋದ್ರೆ ಹೊಸ ಹಳಿ ತರಬಹುದು. ಕುಸಿದ ಸೇತುವೆ ಕಟ್ಟಬಹುದು. ಆದರೆ ಊರಿಂದ ಊರಿಗೆ ತುಂಡಾಗದೆ ಇರೋ ಒಂದು ಪಟ್ಟಿ ನೆಲ ಒಂದು ಸಲ ಕೈ ತಪ್ಪಿದ್ರೆ ಇವತ್ತಿನ ಭೂಮಿ ಬೆಲೆಯಲ್ಲಿ ಯಾವ ಸರ್ಕಾರವೂ ಅದನ್ನ ಮತ್ತೆ ಜೋಡಿಸೋಕೆ ಆಗಲ್ಲ. ನಿಮ್ಮೂರಿನ ಹತ್ತಿರವೂ ಪೊದೆ ಬೆಳೆದ ಒಂದು ಹಳೆಯ ರೈಲು ದಿಬ್ಬ ಇರಬಹುದು. ಅದನ್ನ ಪಾಳುಜಾಗ ಅಂತ ಕರೆಯೋ ಮೊದಲು ಒಮ್ಮೆ ಯೋಚನೆ ಮಾಡಿ. ಅದಕ್ಕೆ ಬೆಲೆ ಕಟ್ಟೋಕೆ ಬೇರೆಯವರು ಈಗಾಗಲೇ ಟೇಪು ಹಿಡ್ಕೊಂಡು ಬಂದಿರಬಹುದು.